ಎರಡನೇ ಭಾಗಕ್ಕೆ ಉಳಿದ ಹಾಡುಗಳು

ಜನವರಿ 9

ಪ್ರೀತಿಯ ಗುಂಡಿ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮಾತು ಶುರು ಮಾಡಿದರೆ ಮೂರನೆಯ ಮಾತಿಗೆ ಜಗಳ, ನಾಲ್ಕನೆಯದಕ್ಕೆ ಯಾರಾದರೊಬ್ಬರು ಪಟ್ಟನೆ ಇಟ್ಟುಬಿಡುತ್ತೇವೆ. ಕಾಗದಕ್ಕೆ ಆ ಸೌಕರ್ಯವಿಲ್ಲ. ಪೂರ್ತಿ ಓದಲೇಬೇಕು.

ಸುದ್ದಿ ಏನೆಂದರೆ, ನಮ್ಮ ಹಳೆಯ ಹಾಡುಗಳನ್ನೇ ಪೋಣಿಸಿ ತೆಗೆದ ಆ ಲಾಂಡ್ರಿ ಸಿನಿಮಾಕ್ಕೆ ಎರಡನೇ ಭಾಗ ತೆಗೆಯುತ್ತಾರಂತೆ. ನಿರ್ದೇಶಕಿ ಮೊನ್ನೆ ನನ್ನ ಸಂಗೀತದ ತರಗತಿಗೇ ಬಂದಿದ್ದಳು. ಮಕ್ಕಳೆಲ್ಲ ಸ್ವರ ಬಿಟ್ಟು ಅವಳನ್ನೇ ನೋಡುತ್ತಾ ಕುಳಿತರು. ಗೋಡೆಯ ಮೇಲಿನ ಪೋಸ್ಟರ್ ನೋಡಿ ಅವಳಿಗೂ ಖುಷಿಯಾಯಿತು. ಅದೇ, ಮೂವರು ಹುಡುಗಿಯರು ಇಸ್ತ್ರಿಪೆಟ್ಟಿಗೆ ಹಿಡಿದು ಕುಣಿಯುತ್ತಿರುವುದು, ಕೆಳಗೆ ನಮ್ಮಿಬ್ಬರ ಪುಟ್ಟ ಫೋಟೋ ಹಾಕಿ 'ಅಕ್ಕ-ತಂಗಿ ಜೋಡಿಯ ಎಲ್ಲ ಜನಪ್ರಿಯ ಹಾಡುಗಳು' ಎಂದು ಬರೆದಿರುವುದು.

ನನಗೆ ತಮಾಷೆ ಅನಿಸಿದ್ದು ಇದು. ಆರ್ಕೆಸ್ಟ್ರಾದಲ್ಲಿ ನಾವು ಹಾಡುತ್ತಿದ್ದ ಕಾಲದ ಒಳ್ಳೆಯ ಹಾಡುಗಳೆಲ್ಲ ಮೊದಲ ಭಾಗದಲ್ಲೇ ಮುಗಿದುಹೋದವು. ನನ್ನ 'ಕುಣಿಯದಿದ್ದರೆ ಕಾಲೇಕೆ' ಹಾಡಿಗೆ ಜನ ಚಿತ್ರಮಂದಿರದಲ್ಲಿ ಎದ್ದು ಕುಣಿದರು. ಬ್ಯಾಂಕಿನಲ್ಲಿ ಈಗಲೂ ನನಗೆ ಸರತಿಯಲ್ಲಿ ಜಾಗ ಬಿಡುತ್ತಾರೆ. ಇನ್ನು ಉಳಿದಿರುವುದು ಏನು? ಗ್ರಾಮಫೋನ್ ತಟ್ಟೆಯ ಹಿಂಬದಿಯಲ್ಲಿದ್ದವು. ಅಂದರೆ ನೀನು ಹಾಡಿದವು. ಬೇಜಾರು ಮಾಡಿಕೊಳ್ಳಬೇಡ, ತಟ್ಟೆ ತಿರುಗಿಸಿ ಹಾಕಿದವರು ಎಷ್ಟು ಜನ ಇದ್ದಾರು?

ನನಗೆ ಒಂದು ಪುಟ್ಟ ಪಾತ್ರ ಇಟ್ಟಿರಬೇಕು ಅನಿಸುತ್ತದೆ. ಹೇಳಲಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹಾಡುಗಳ ಹಕ್ಕು ಇಬ್ಬರ ಹೆಸರಿನಲ್ಲೂ ಇರುವುದರಿಂದ ಇಬ್ಬರ ಸಹಿಯೂ ಬೇಕಂತೆ. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ. ನಿನ್ನ ಅಭಿಪ್ರಾಯ ಏನು?

ನಿನ್ನ ಅಕ್ಕ


ಜನವರಿ 20

ಅಕ್ಕಾ,

ಕಾಗದ ಸಿಕ್ಕಿತು. ನಿರ್ದೇಶಕಿ ನಮ್ಮ ಅಂಗಡಿಗೂ ಬಂದಿದ್ದರು. ಶ್ರವಣಯಂತ್ರದ ಅಂಗಡಿಗೆ ಬಂದವರನ್ನು ನಾವು ಅಭ್ಯಾಸಬಲದಿಂದ ಜೋರಾಗಿಯೇ ಮಾತಾಡಿಸುತ್ತೇವೆ. "ಯಾವ ಕಿವಿ?" ಎಂದು ಕಿರುಚಿದೆ. ಪಾಪ, ಆಕೆ ಎರಡು ಹೆಜ್ಜೆ ಹಿಂದೆ ಸರಿದರು.

ಆಮೇಲೆ ಪರೀಕ್ಷೆಯ ಕೋಣೆಯಲ್ಲೇ ಕುಳಿತು ಮಾತಾಡಿದೆವು. ಗಾಜಿನ ಬಾಗಿಲು ಹಾಕಿದರೆ ಹೊರಗಿನ ಒಂದು ಸದ್ದೂ ಒಳಗೆ ಬರುವುದಿಲ್ಲ. "ಜೂಕ್‌ಬಾಕ್ಸ್ ಸಿನಿಮಾ ಅಂದ್ರೆ ಏನು ಗೊತ್ತಾ? ಬೇರೆ ಸಿನಿಮಾದಲ್ಲಿ ಅಂಗಿ ಹೊಲಿದು ಆಮೇಲೆ ಗುಂಡಿ ಹುಡುಕ್ತಾರೆ. ಇಲ್ಲಿ ಗುಂಡಿಗಳು, ಅಂದ್ರೆ ಹಳೇ ಹಾಡುಗಳು, ಮೊದ್ಲೇ ಕೈಯಲ್ಲಿರ್ತವೆ, ಅದಕ್ಕೆ ಸರಿಯಾಗಿ ಅಂಗಿ ಹೊಲೀಬೇಕು," ಎಂದರು. ನನ್ನನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಚಿಕ್ಕಂದಿನಲ್ಲಿ ಅಪ್ಪನ ಅಂಗಿಯ ಗುಂಡಿ ನುಂಗಿದ ಕಥೆ ಹೇಳಿದಾಗ ಬಿದ್ದು ಬಿದ್ದು ನಕ್ಕರು.

ಅಭಿಪ್ರಾಯ ಕೇಳಿದ್ದೀಯ. ಹೇಳುತ್ತೇನೆ. ಮೊದಲ ಭಾಗವನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ, ನಿನಗೆ ಹೇಳಿರಲಿಲ್ಲ. ಪರದೆಗಿಂತ ಜನರನ್ನು ನೋಡುತ್ತಾ ಕೂರುತ್ತಿದ್ದೆ. ಮುಚ್ಚಿಹೋಗಲಿರುವ ಲಾಂಡ್ರಿಯನ್ನು ಮೂವರು ಹುಡುಗಿಯರು ಉಳಿಸಿಕೊಳ್ಳುವ ಆ ಕಥೆಗಾಗಿ ಯಾರೂ ಬಂದಿರಲಿಲ್ಲ. ಒಬ್ಬ ಅಜ್ಜ ಹೆಂಡತಿಯ ತೋಳು ತಿವಿದು, "ಈಗ ಬರತ್ತೆ ನೋಡು, ಈಗ ಬರತ್ತೆ," ಅನ್ನುತ್ತಿದ್ದರು. ಗೊತ್ತಿರುವ ಹಾಡನ್ನು ಎಲ್ಲಿ, ಯಾವ ನೆಪ ಮಾಡಿ ತುರುಕುತ್ತಾರೆ ಎಂದು ಊಹಿಸುವುದರಲ್ಲೇ ಅರ್ಧ ಖುಷಿ.

ಆದರೆ ಎರಡನೇ ಭಾಗದ ಖುಷಿ ಬೇರೆ ಅನಿಸುತ್ತದೆ. ಯಾರದಾದರೂ ಮನೆಗೆ ಮೊದಲ ಸಲ ಹೋದರೆ ಮುಂದಿನ ಕೋಣೆಯಲ್ಲಿ ಕೂರಿಸಿ ಇರುವುದರಲ್ಲಿ ಚೆಂದದ ಲೋಟದಲ್ಲಿ ನೀರು ಕೊಡುತ್ತಾರೆ. ಎರಡನೇ ಸಲ ಹೋದರೆ ಸೀದಾ ಅಡುಗೆಮನೆಗೆ ಕರೆಯುತ್ತಾರೆ. ಅಲ್ಲಿ ಎಲ್ಲ ಹರಡಿಕೊಂಡಿರುತ್ತದೆ, ಆದರೆ ನಿಜವಾದ ಮಾತು ನಡೆಯುವುದು ಅಲ್ಲೇ. ಪರಿಚಯವಿಲ್ಲದ ಹಾಡನ್ನು ಜನ ಕೇಳುವುದಾದರೆ ಪರಿಚಯದವರ ಬಾಯಲ್ಲೇ ಕೇಳುತ್ತಾರೆ.

ಇರಲಿ. ನಾನು ಸಹಿ ಹಾಕಿದ್ದೇನೆ. ನೀನೂ ಹಾಕಿದರೆ ಕೆಲಸ ಶುರು ಮಾಡುತ್ತಾರಂತೆ. ಭಾವನಿಗೆ ನಮಸ್ಕಾರ ತಿಳಿಸು.

ಗುಂಡಿ


ಫೆಬ್ರವರಿ 2

ಗುಂಡಿ,

ಅಡುಗೆಮನೆಯ ಬಗ್ಗೆ ಚೆನ್ನಾಗಿ ಬರೆದಿದ್ದೀಯ. ಅಡುಗೆಮನೆ ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ, ಅದೊಂದನ್ನು ಬರೆಯಲು ಮರೆತಿದ್ದೀಯ. ಇನ್ನೂ ಒಂದು ಮರೆತಿದ್ದೀಯ. ಅದನ್ನು ನಾನು ಬೇರೆಯವರ ಬಾಯಿಂದ ಕೇಳಬೇಕಾಯಿತು.

ನನ್ನ ಪಾತ್ರ ಯಾವುದು ಎಂದು ಕೇಳೋಣವೆಂದು ನಿರ್ದೇಶಕಿಗೆ ಫೋನ್ ಮಾಡಿದೆ.

"ಪಾತ್ರಾನಾ? ಇಲ್ಲ ಮೇಡಂ... ನಿಮ್ ತಂಗಿ ಹೇಳ್ಲಿಲ್ವಾ? ಹಿಂಬದಿಯ ಹಾಡುಗಳನ್ನ ಹೊಸದಾಗಿ ರೆಕಾರ್ಡ್ ಮಾಡ್ತಿದೀವಿ. ಅವ್ರೇ ಹಾಡೋದು."

"ಯಾರು, ನಮ್ ಗುಂಡೀನಾ? ಅವ್ಳು ಹಾಡೋದು ಬಿಟ್ಟು ಎಷ್ಟು ಕಾಲ ಆಯ್ತು!"

"ಅದಕ್ಕೇ ಬೇಕು ನಂಗೆ. ಆ ದನೀಲಿ ಒಂದು ಬಿರುಕಿದೆ."

ಬಿರುಕು! ನಾನು ಬೆಳಗ್ಗೆ ಎದ್ದು ಸಾಧನೆ ಮಾಡುತ್ತೇನೆ, ತಣ್ಣನೆಯದು ಮುಟ್ಟುವುದಿಲ್ಲ, ಗಂಟಲಿಗೆ ಬಟ್ಟೆ ಸುತ್ತಿಕೊಂಡು ಮಲಗುತ್ತೇನೆ. ಇಷ್ಟೆಲ್ಲ ಮಾಡಿ ಬಿರುಕು ಬಾರದ ಹಾಗೆ ನೋಡಿಕೊಂಡಿದ್ದೇ ತಪ್ಪಾಯಿತು ನೋಡು. ನೀನು ಕಿವುಡರ ಹತ್ತಿರ ದಿನವಿಡೀ ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡೆ, ಅದು ಈಗ ಕಲೆಯಾಯಿತು.

ಆಕೆ ನಿನ್ನನ್ನು ಹಾಡಲು ಕೇಳಿದ್ದು ಆ ಗಾಜಿನ ಕೋಣೆಯಲ್ಲೇ ತಾನೆ? ಹೊರಗಿನ ಸದ್ದು ಒಳಗೆ ಬರುವುದಿಲ್ಲ ಎಂದು ಬರೆದೆ. ಒಳಗಿನದು ಹೊರಗೆ ಬರುವುದಿಲ್ಲ ಅನ್ನುವುದನ್ನೂ ಬರೆಯಬಹುದಿತ್ತು.

ನಾನು ಸುತ್ತಿಬಳಸಿ ಮಾತಾಡುವವಳಲ್ಲ. ಸಹಿ ಬೇಕಿದ್ದರೆ ಆ ಹಾಡುಗಳನ್ನು ನಾನು ಹಾಡುತ್ತೇನೆ. ನಿನಗೂ ಒಳ್ಳೆಯದು, ಹಾಡುಗಳಿಗೂ ಒಳ್ಳೆಯದು. 'ಎರಡನೇ ಮಹಡಿಯ ಕಿಟಕಿ' ಕೆಟ್ಟ ಹಾಡೇನಲ್ಲ. ಸರಿಯಾಗಿ ಹಾಡುವವರು ಸಿಕ್ಕಿರಲಿಲ್ಲ, ಅಷ್ಟೇ.

ಅಕ್ಕ


ಫೆಬ್ರವರಿ 11

ಅಕ್ಕ,

ಹಾಗಿದ್ದರೆ ಸಿನಿಮಾ ಬೇಡ.

ಹೌದು, ಹೇಳಲಿಲ್ಲ. ಹೇಳಿದರೆ ನೀನು ಏನು ಮಾಡುತ್ತೀಯೋ ಅದನ್ನೇ ಈಗ ಮಾಡಿದ್ದೀಯ.

'ಕುಣಿಯದಿದ್ದರೆ ಕಾಲೇಕೆ' ಹಾಡಿಗೆ ರಾಗ ಹಾಕಿದ್ದು ಯಾರು? ಮನೆಯ ಮೆಟ್ಟಿಲ ಮೇಲೆ ಕೂತು ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ಅದನ್ನು ಮೊದಲು ಹಾಡಿದ್ದು ಯಾರು? ನೀನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ, "ಇದು ನನ್ ದನಿಗೆ ಹೊಂದತ್ತೆ," ಅಂದೆ. ಹೊಂದಿತು. ನಾನು ಬಾಯಿ ಮುಚ್ಚಿಕೊಂಡೆ. ಯಾಕೆಂದರೆ ನಿಜವಾಗಿಯೂ ನೀನು ನನಗಿಂತ ಚೆನ್ನಾಗಿ ಹಾಡಿದೆ. ಆ ಹಾಡು ಹಾಗೆ ಹೋಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ನಿನ್ನ ಬಾಯಿಗೆ ಹೋದದ್ದೆಲ್ಲ ನಿನ್ನದಾಯಿತು. ವೇದಿಕೆಯಲ್ಲಿ ಹೂಗುಚ್ಛ ಕೊಡಲು ಬಂದವರು ನನ್ನನ್ನು ದಾಟಿಕೊಂಡು ನಿನ್ನ ಹತ್ತಿರ ಹೋಗುತ್ತಿದ್ದರು. ನನ್ನ ಹಾರ್ಮೋನಿಯಂ ಅವರಿಗೆ ಅಡ್ಡ ಬರುತ್ತಿತ್ತು.

ನೀನು ಬೇಡವೆಂದು ಬಿಟ್ಟದ್ದು ಮಾತ್ರ ನನಗೆ ಉಳಿಯಿತು. ಕೆಲವನ್ನು ನೀನು ಬೇಡ ಅನ್ನಲಿ ಎಂದೇ ಕಷ್ಟದ ಜಾಗದಲ್ಲಿ ಶುರು ಮಾಡುತ್ತಿದ್ದೆ. ಅದೂ ನಿನಗೆ ಗೊತ್ತಿರಲಿ.

ಅವು ನಿನ್ನ ಬಾಯಿಗೆ ಹೋಗುವುದಕ್ಕಿಂತ ಡಬ್ಬದಲ್ಲೇ ಇರಲಿ. ನಿರ್ದೇಶಕಿಗೆ ನಾನೇ ಹೇಳುತ್ತೇನೆ.

ಗುಂಡಿ


ಏಪ್ರಿಲ್ 30

ಗುಂಡಿ,

ಸಹಿ ಹಾಕಿ ಕಳಿಸಿದ್ದೇನೆ. ನೀನೇ ಹಾಡು. ನಿರ್ದೇಶಕಿ ದಿನಾ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದಳು, ಅವಳ ಕಾಟ ತಡೆಯಲಾರದೆ ಹಾಕಿದೆ. ಬೇರೆ ಯಾವ ಕಾರಣವೂ ಇಲ್ಲ.

ನಿನ್ನ ಭಾವನ ಜೊತೆ ಮಾತು ಬಿಟ್ಟಿದ್ದೇನೆ. ನೀನು ಫೋನ್ ಮಾಡಿ ಸಂಧಾನ ಮಾಡಬೇಡ. ಆದದ್ದು ಇಷ್ಟು. ತರಗತಿಯಲ್ಲಿ ಮಕ್ಕಳಿಗೆ ನಿನ್ನ 'ಕಿಟಕಿ' ಹಾಡನ್ನು ಹಾಡಿ ತೋರಿಸಿದೆ. ಸುಮ್ಮನೆ, ಅಭ್ಯಾಸಕ್ಕೆ. ಒಂದು ಸ್ವರ ಅತ್ತಿತ್ತ ಹೋಗಲಿಲ್ಲ. ನೀನು ತಡವರಿಸುತ್ತಿದ್ದ ಆ ಮೇಲಿನ ಜಾಗವನ್ನು ಒಂದೇ ಎಳೆಯಲ್ಲಿ ಮುಗಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಇವರು ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದರು.

"ಹೇಗಿತ್ರೀ?" ಎಂದು ಕೇಳಿದೆ.

"ಚೆನ್ನಾಗಿತ್ತು," ಅಂದರು.

"ಅಷ್ಟೇನಾ?"

"ಚೆನ್ನಾಗಿತ್ತು ಅಂದ್ನಲ್ಲ. ಗುಂಡಿ ಹಾಡ್ತಿದ್ದಾಗ ಯಾರೋ ನಮ್ಮನೇವ್ರೇ ಪಕ್ಕದಲ್ಲಿ ಕೂತು ಹೇಳ್ಕೊಂಡ ಹಾಗಿರೋದು. ನೀನು ಹಾಡಿದ್ದು ಹಾಡಿನ ಹಾಗಿತ್ತು."

ಹಾಡು ಹಾಡಿನ ಹಾಗಿರದೆ ಮತ್ತೆ ಹೇಗಿರಬೇಕಂತೆ? ಇಷ್ಟು ವರ್ಷ ಜೊತೆಗಿದ್ದು ನನ್ನ ಸಾಧನೆ ಕೇಳಿದ ಮನುಷ್ಯ! ಅವತ್ತಿನಿಂದ ಅವರ ಪಾಡು ಅವರಿಗೆ, ನನ್ನ ಪಾಡು ನನಗೆ.

ಒಂದು ಷರತ್ತು ಹಾಕಿದ್ದೇನೆ. ಎರಡನೇ ಭಾಗದಲ್ಲೂ 'ಕುಣಿಯದಿದ್ದರೆ ಕಾಲೇಕೆ' ಇರಲೇಬೇಕು. ಅದಿಲ್ಲದಿದ್ದರೆ ಜನ ಕುರ್ಚಿ ಮುರಿಯುತ್ತಾರೆ. ಆಕೆ ಒಪ್ಪಿದಳು. ಆದರೆ ಅದು ಈ ಸಲ ಕುಣಿಯುವ ಹಾಡಾಗಿ ಬರುವುದಿಲ್ಲವಂತೆ. ಯಾವಳೋ ಒಬ್ಬಳು ಇಸ್ತ್ರಿ ಮಾಡುತ್ತಾ ಒಂದು ಚರಣ ಗುನುಗುತ್ತಾಳಂತೆ. ಗುನುಗುವುದು! ಇರಲಿ, ನನಗೇನು.

ಅಕ್ಕ


ಜುಲೈ 14

ಅಕ್ಕಾ,

ನಿನ್ನ ಕಾಗದ ಬಂದ ಮೇಲೆ ಬರೆಯಲು ಕೂತು ಎಷ್ಟೋ ಸಲ ಎದ್ದಿದ್ದೇನೆ. ಮೊದಲು ಅನುಮಾನ ಬಂತು. ಇದರಲ್ಲಿ ಏನೋ ಇದೆ, ಕೊನೆ ಗಳಿಗೆಯಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೀಯ ಅಂದುಕೊಂಡೆ. ಆಮೇಲೆ ಭಾವನ ವಿಷಯ ಇನ್ನೊಮ್ಮೆ ಓದಿದೆ. ಅವರ ಜೊತೆ ಮಾತು ಶುರು ಮಾಡು. ಅವರು ಹಾಗೆ ಅನ್ನಬಾರದಿತ್ತು. (ಹೀಗೆ ಬರೆಯುತ್ತಿದ್ದೇನೆ, ಆದರೆ ಅವರು ಹಾಗೆ ಅಂದದ್ದನ್ನು ಓದಿ ನನಗಾದ ಸಂತೋಷವನ್ನು ಮುಚ್ಚಿಟ್ಟರೆ ಮತ್ತೆ ಗಾಜಿನ ಕೋಣೆ ಎಂದು ಬೈಯುತ್ತೀಯ.)

ರೆಕಾರ್ಡಿಂಗ್ ಮುಗಿಯಿತು. ಮೊದಲ ದಿನ ದನಿಯೇ ಹೊರಡಲಿಲ್ಲ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ನನ್ನ ದನಿ ನನಗೇ ಕೇಳಿಸಿ ನಾಚಿಕೆಯಾಯಿತು. ಎಲ್ಲಿ ನಿಂತರೂ ಎಡಗಡೆ ಸ್ವಲ್ಪ ಜಾಗ ಬಿಟ್ಟೇ ನಿಲ್ಲುತ್ತಿದ್ದೆ. ಧ್ವನಿಮುದ್ರಣ ಮಾಡುವವನು, "ಮೈಕ್ ಮುಂದೆ ಬನ್ನಿ ಅಮ್ಮಾ, ಪಕ್ಕದಲ್ಲಿ ಯಾರಿಗೆ ಜಾಗ ಹಿಡ್ಕೊಂಡಿದೀರಾ?" ಎಂದು ಕೇಳಿದ. ನೀನು ಯಾವಾಗಲೂ ನನ್ನ ಎಡಗಡೆಯೇ ನಿಲ್ಲುತ್ತಿದ್ದದ್ದು.

ಎರಡನೇ ಭಾಗದಲ್ಲಿ ಆ ಹುಡುಗಿಯರು ಒಂದು ಹಡಗಿನ ಲಾಂಡ್ರಿಗೆ ಸೇರುತ್ತಾರೆ. ಯಾಕೆ ಎಂದು ಕೇಳಬೇಡ. ನಾನೂ ಕೇಳಿದೆ. "ನೀರು ಜಾಸ್ತಿ ಇರತ್ತಲ್ಲ," ಎಂದರು ನಿರ್ದೇಶಕಿ.

ಅಕ್ಟೋಬರ್‌ನಲ್ಲಿ ಮೊದಲ ಪ್ರದರ್ಶನ. ಇಬ್ಬರನ್ನೂ ವೇದಿಕೆಗೆ ಕರೆಯುತ್ತಾರೆ. ನೀನು ಬಾ. ಬರದಿದ್ದರೆ ನನಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯುವುದಿಲ್ಲ.

ಗುಂಡಿ


ಅಕ್ಟೋಬರ್ 3

ಗುಂಡಿ,

ವಿಪರೀತ ನೆಗಡಿ. ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ. ಚೆನ್ನಾಗಿ ಆಗಲಿ.

ಅಕ್ಕ


ಅಕ್ಟೋಬರ್ 19

ಅಕ್ಕನಿಗೆ,

ನೆಗಡಿ ವಾಸಿಯಾಯಿತೇ? ಪ್ರದರ್ಶನ ಚೆನ್ನಾಗಿ ಆಯಿತು. ಹೂಗುಚ್ಛ ಕೊಟ್ಟರು. ಅದನ್ನು ಹಿಡಿದುಕೊಂಡು ಫೋಟೋಕ್ಕೆ ನಿಂತಾಗ ಮುಖ ಹೇಗಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ನಿನಗೆ ಅದು ಅಭ್ಯಾಸ.

ಅದೇ ದಿನ ಭಾವ ಫೋನ್ ಮಾಡಿದ್ದರು. "ಅವ್ಳಿಗೆ ನೆಗಡೀನೂ ಇಲ್ಲ ಏನೂ ಇಲ್ಲ. ಬಾಗಿಲು ಹಾಕ್ಕೊಂಡು ಕೂತಿದಾಳೆ," ಎಂದರು. ಇದನ್ನು ನಾನು ಕೇಳಿ ತಿಳಿದುಕೊಂಡದ್ದಲ್ಲ, ಅವರೇ ಹೇಳಿದ್ದು. ಪಾಪ, ಮತ್ತೆ ಅವರ ಮೇಲೆ ಹರಿಹಾಯಬೇಡ.

ಇನ್ನು ಮುಂದೆ ನಾನಾಗಿ ಬರೆಯುವುದಿಲ್ಲ.

ಗುಂಡಿ


ನವೆಂಬರ್ 22

ಗುಂಡಿ,

ಸಿಟ್ಟಿದ್ದರೆ ಇಟ್ಟುಕೋ. ಇದನ್ನು ಓದಿ ಮುಗಿಸಿ ಆಮೇಲೆ ಹರಿದುಹಾಕು.

ಸಿನಿಮಾ ನೋಡಿದೆ. ಯಾರಿಗೂ ಹೇಳದೆ, ಮಧ್ಯಾಹ್ನದ ಆಟಕ್ಕೆ, ತಲೆಗೆ ಬಟ್ಟೆ ಸುತ್ತಿಕೊಂಡು ಹೋದೆ. ಚೆನ್ನಾಗಿರಬಾರದು ಎಂದು ಹಾರೈಸಿಕೊಂಡೇ ಹೋದೆ. ಹಡಗಿನ ದೃಶ್ಯ ಶುರುವಾದಾಗ ನಿರಾಳವಾಯಿತು. ತಲೆ ಬಾಲ ಇಲ್ಲದ ಕಥೆ. ಹಡಗು ಅಲುಗಾಡುತ್ತದೆ, ಒಗೆದ ಬಟ್ಟೆಯೆಲ್ಲ ಕಪ್ತಾನನ ತಲೆಯ ಮೇಲೆ ಬೀಳುತ್ತದೆ, ಅವನು ಬಟ್ಟೆಯ ರಾಶಿಯೊಳಗಿಂದಲೇ ಪ್ರೇಮಗೀತೆ ಹಾಡುತ್ತಾನೆ. ಇದು ಮುಳುಗಿತು ಅಂದುಕೊಂಡೆ. ಆದರೆ ಗುಂಡಿ, ಜನ ನಗುತ್ತಿದ್ದರು. ಬೈದುಕೊಂಡು ಅಲ್ಲ. ಮನೆಯ ಮದುವೆಯಲ್ಲಿ ಸೋದರಮಾವ ಕುಣಿಯಲು ಎದ್ದಾಗ ನಗುತ್ತೇವಲ್ಲ, ಹಾಗೆ. ಆ ಮೂವರು ಹುಡುಗಿಯರು ಏನು ಮಾಡಿದರೂ ಅವರಿಗೆ ಒಪ್ಪಿಗೆ. ಹಳೆಯ ಪರಿಚಯ ಅಂದೆಯಲ್ಲ, ಅದು ಸರಿ. ಬರೆಯುವಾಗ ಕೈ ನೋಯುತ್ತಿದೆ, ಆದರೂ ಸರಿ.

ನನ್ನ ಹಾಡು ಬಂತು. ಗುನುಗಿದಳು. ಇಡೀ ಚಿತ್ರಮಂದಿರ ಅವಳ ಜೊತೆ ಮೆತ್ತಗೆ ಗುನುಗಿತು. ಕುಣಿದಾಗ ಆಗಿದ್ದಕ್ಕಿಂತ ಅದೇ ಹೆಚ್ಚಾಗಿತ್ತು. ಜನರ ಬಾಯಲ್ಲಿ ಅದು ನನಗಿಂತ ಚೆನ್ನಾಗಿ ಮುಪ್ಪಾಗಿದೆ.

ಆಮೇಲೆ ನಿನ್ನ 'ಕಿಟಕಿ'. ಮೊದಲನೆಯ ಸಾಲಿಗೆ ನಕ್ಕರು. ಹಡಗಿನಲ್ಲಿ ಎಂಥ ಎರಡನೇ ಮಹಡಿ! "ತುರುಕಿದ್ರು ನೋಡಪ್ಪ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಾನೂ ನಕ್ಕೆ, ಜೋರಾಗಿಯೇ. ಆದರೆ ಆ ಮೂವರಲ್ಲಿ ಹಿರಿಯವಳು ಹಡಗಿನ ಗುಂಡು ಕಿಟಕಿಯ ಹೊರಗೆ ನೀರನ್ನು ನೋಡುತ್ತಾ, ತಾನು ಬಿಟ್ಟುಬಂದ ಕೋಣೆಯ ಕಿಟಕಿಯನ್ನು ನೆನೆದು ಹಾಡುತ್ತಿದ್ದಾಳೆ ಎಂದು ತಿಳಿಯುತ್ತಿದ್ದಂತೆ ನಗು ಅಲ್ಲಲ್ಲಿ ನಿಲ್ಲತೊಡಗಿತು. ಕೊನೆಗೆ ಯಾರೂ ನಗುತ್ತಿರಲಿಲ್ಲ. ಅಷ್ಟು ಜನರನ್ನು ನಾನು ಕುಣಿಸಿದ್ದೇನೆ. ಸುಮ್ಮನಿರಿಸಿದ್ದು ನೆನಪಿಲ್ಲ.

ನನ್ನ ಪಕ್ಕದಲ್ಲಿದ್ದ ಹೆಂಗಸು ಅಳುತ್ತಿದ್ದಳು. ದೀಪ ಹತ್ತಿದಾಗ ಮೂಗು ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದಳು. "ನೀವು... ಆ ಅಕ್ಕ-ತಂಗೀರಲ್ಲಿ ಒಬ್ರಲ್ವಾ? ಪೋಸ್ಟರಲ್ಲಿ ನೋಡಿದೀನಿ."

"ಹೌದು," ಅಂದೆ.

"ಆ ಕಿಟಕಿ ಹಾಡು ಹಾಡಿದ್ದು ನೀವಾ?"

"ಹೌದು. ನಾನೇ," ಅಂದುಬಿಟ್ಟೆ.

ಬಾಯಿ ತಪ್ಪಿ ಬಂದದ್ದಲ್ಲ. ಗೊತ್ತಿದ್ದೇ ಹೇಳಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ತಪ್ಪು ತಿಳ್ಕೋಬೇಡಿ. ನಿಮ್ಮಿಬ್ರಲ್ಲಿ ಆ ಇನ್ನೊಬ್ರು ಇದಾರಲ್ಲ, ಕುಣಿಯೋ ಹಾಡು ಹೇಳ್ತಾರಲ್ಲ, ಅವ್ರು ಚೆನ್ನಾಗೇ ಹಾಡ್ತಾರೆ. ಆದ್ರೆ ನಂಗೆ ಅವ್ರು ಯಾವತ್ತೂ ಹಿಡಿಸ್ಲಿಲ್ಲ. ನಿಮ್ದೇ ಬೇರೆ."

"ಅವ್ಳಿಗೆ ಹೇಳ್ತೀನಿ," ಅಂದೆ.

ಇಡೀ ದಾರಿ ನಡೆದುಕೊಂಡೇ ಬಂದೆ. ಬಸ್ಸಿನಲ್ಲಿ ಯಾರಾದರೂ ಗುರುತು ಹಿಡಿದಾರು ಅನಿಸಿತು. ಹೊಟ್ಟೆ ಉರಿಯುತ್ತಿತ್ತು, ಈಗಲೂ ಉರಿಯುತ್ತಿದೆ. ಸಿನಿಮಾ ಚೆನ್ನಾಗಿದೆ. ನಿನ್ನ ಭಾವನಿಗೆ ಹೇಳಿದೆ. ಹೌದು, ಮಾತಾಡುತ್ತಿದ್ದೇವೆ.

ಅಕ್ಕ


ಡಿಸೆಂಬರ್ 1

ಅಕ್ಕಾ,

ಅಂಗಡಿಯಲ್ಲಿ ಓದಿದೆ. ಗಿರಾಕಿಯೊಬ್ಬರು ಕಿವಿಗೆ ಯಂತ್ರ ಹಾಕಿಸಿಕೊಂಡು ಕಾಯುತ್ತಿದ್ದರು. ನಾನು ನಕ್ಕ ಸದ್ದಿಗೆ ಅದನ್ನು ಕಿತ್ತು ಮೇಜಿನ ಮೇಲಿಟ್ಟರು.

ಕಳ್ಳಿ! ನನ್ನ ಹೆಸರು ಹೇಳಿ ಹೊಗಳಿಸಿಕೊಂಡು, ನಿನ್ನನ್ನೇ ಬೈಸಿಕೊಂಡು ಬಂದಿದ್ದೀಯ. ನನಗೆ ಸಿಟ್ಟು ಬಂದಿಲ್ಲ ಅಂದರೆ ಸುಳ್ಳಾಗುತ್ತದೆ. ಆ ಕೈಗಳು ನನ್ನ ಕೈ ಹಿಡಿಯಬೇಕಿತ್ತು. ಅಷ್ಟು ಹೂಗುಚ್ಛ ಬಂತು, ಯಾರೂ ಅತ್ತು ಕೈ ಹಿಡಿಯಲಿಲ್ಲ. ಅದೊಂದು ಬಂದದ್ದು ಸೀದಾ ನಿನ್ನ ಹತ್ತಿರ ಹೋಯಿತು. ನಮ್ಮ ಹಣೆಬರಹವೇ ಹೀಗೆ ಕಾಣುತ್ತದೆ.

ಒಂದು ಕೇಳಬೇಕು. ಅಷ್ಟು ಉದ್ದದ ಕಾಗದ ಬರೆದಿದ್ದೀಯ, ಕಪ್ತಾನನ ತಲೆಯ ಮೇಲೆ ಬಿದ್ದ ಬಟ್ಟೆಯನ್ನೂ ಬಿಟ್ಟಿಲ್ಲ. ಆ ಹೆಂಗಸು ಹಾಡಿನ ಯಾವ ಸಾಲಿಗೆ ಅಳಲು ಶುರು ಮಾಡಿದಳು ಎಂದು ಮಾತ್ರ ಬರೆದಿಲ್ಲ. ಪಕ್ಕದಲ್ಲೇ ಕೂತಿದ್ದೆ. ನೀನು ಗಮನಿಸಿಲ್ಲ ಎಂದರೆ ನಂಬುವುದಿಲ್ಲ. ಬೇಕೆಂದೇ ಬಿಟ್ಟಿದ್ದೀಯ.

ಯಾವ ಸಾಲು?

ಗುಂಡಿ


ಡಿಸೆಂಬರ್ 8

ಗುಂಡಿ,

ಯಾವ ಸಾಲಿಗೂ ಅಲ್ಲ. ಕೊನೆಯ ಚರಣಕ್ಕೆ ಮೊದಲು ವಾದ್ಯವೆಲ್ಲ ನಿಂತು, ನೀನು ಒಂದು ಸಲ ಉಸಿರು ಎಳೆದುಕೊಳ್ಳುತ್ತೀಯಲ್ಲ, ಅಲ್ಲಿ.

ಇದನ್ನು ನಿನಗೆ ಹೇಳಬಾರದು ಎಂದೇ ಬಿಟ್ಟಿದ್ದೆ. ನಾನು ಹಾಡಿದ್ದರೆ ಆ ಉಸಿರು ಕೇಳಿಸುತ್ತದೆ ಎಂದು ಹೇಳಿ ತೆಗೆಸಿಬಿಡುತ್ತಿದ್ದೆ.

ಅಕ್ಕ